ಕಮಲಾದೇವಿ ಚಟ್ಟೋಪಾಧ್ಯಾಯ

ಕಮಲಾದೇವಿ ಚಟ್ಟೋಪಾಧ್ಯಾಯ (ಏಪ್ರಿಲ್ 3, 1903 – ಅಕ್ಟೋಬರ್ 29, 1988) ಅವರು ಮಂಗಳೂರಿನಲ್ಲಿ ಜನಿಸಿದ ಸ್ವಾತಂತ್ರ್ಯ ಹೋರಾಟಗಾರ್ತಿ, ಸಮಾಜ ಸುಧಾರಕಿ, ರಂಗಕರ್ಮಿ ಹಾಗೂ ಲೇಖಕಿ. ಸ್ವತಂತ್ರ ಭಾರತದಲ್ಲಿ ಕರಕುಶಲ ಕಲೆ, ಕೈಮಗ್ಗ ಮತ್ತು ರಂಗಭೂಮಿಗಳ ಪುನರುಜ್ಜೀವನಕ್ಕೆ ಕಾರಣರಾದವರಲ್ಲಿ ಇವರು ಪ್ರಮುಖರು. ಇಂದು ಭಾರತೀಯ ಉಡುಗೆ-ತೊಡುಗೆ, ಗೃಹಾಲಂಕಾರ ಮತ್ತು ವಸ್ತುವಿನ್ಯಾಸದಲ್ಲಿ ಕಾಣುವ ಕೈನೇಯ್ಗೆ, ಅಚ್ಚಿನ ಬಟ್ಟೆ, ಕಲಂಕಾರಿ ಮೊದಲಾದವುಗಳ ಜನಪ್ರಿಯತೆಯ ಹಿಂದೆ ಇವರು ಕಟ್ಟಿದ ಸಂಸ್ಥೆಗಳ ದುಡಿಮೆಯಿದೆ. ಕುಶಲಕರ್ಮಿಯ ಅನ್ನ ಉಳಿಯದೆ ಅವನ ಕಲೆ ಉಳಿಯದು ಎಂಬ ನಿಲುವು ಇವರ ಕೆಲಸಗಳಿಗೆಲ್ಲ ಆಧಾರವಾಗಿತ್ತು.

ಬಾಲ್ಯ ಮತ್ತು ಕುಟುಂಬ

ಕಮಲಾದೇವಿಯವರು ಸಾರಸ್ವತ ಬ್ರಾಹ್ಮಣ ಕುಟುಂಬಕ್ಕೆ ಸೇರಿದವರು. ತಂದೆ ಅನಂತಯ್ಯ ಧಾರೇಶ್ವರ ಅವರು ಮಂಗಳೂರಿನಲ್ಲಿ ಜಿಲ್ಲಾಧಿಕಾರಿಯಾಗಿದ್ದರು. ತಾಯಿ ಗಿರಿಜಾಬಾಯಿ ಕರಾವಳಿಯ ಸ್ಥಿತಿವಂತ ಮನೆತನದಿಂದ ಬಂದವರು. ಮಹಾದೇವ ಗೋವಿಂದ ರಾನಡೆ, ಗೋಪಾಲಕೃಷ್ಣ ಗೋಖಲೆಯವರಂಥ ನಾಯಕರು, ರಮಾಬಾಯಿ ರಾನಡೆ, ಅನಿ ಬೆಸೆಂಟ್ ಅವರಂಥ ಮಹಿಳೆಯರು ಈ ಕುಟುಂಬದ ಪರಿಚಯದ ವಲಯದಲ್ಲಿದ್ದರು. ಹೀಗಾಗಿ ಸಾರ್ವಜನಿಕ ಜೀವನದ ಚರ್ಚೆಗಳು ಬಾಲ್ಯದಿಂದಲೇ ಇವರ ಕಿವಿಗೆ ಬೀಳುತ್ತಿದ್ದವು.

ಇವರಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಅವರು ಮರಣಶಾಸನ ಬರೆದಿಟ್ಟಿರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲವೂ ಮೊದಲ ಹೆಂಡತಿಯ ಮಗನಿಗೆ ಸೇರಿತು; ಗಿರಿಜಾಬಾಯಿ ಮತ್ತು ಅವರ ಹೆಣ್ಣುಮಕ್ಕಳಿಗೆ ಜೀವನಾಂಶವಷ್ಟೇ ಉಳಿಯಿತು. ಗಿರಿಜಾಬಾಯಿಯವರು ಅದನ್ನೂ ನಿರಾಕರಿಸಿ, ತವರಿನಿಂದ ಬಂದ ಹಣದಲ್ಲಿಯೇ ಮಕ್ಕಳನ್ನು ಬೆಳೆಸಿದರು. ಹೆಣ್ಣಿನ ಆರ್ಥಿಕ ಸ್ವಾವಲಂಬನೆಯ ಪ್ರಶ್ನೆ ಕಮಲಾದೇವಿಯವರ ಮುಂದಿನ ಬದುಕಿನುದ್ದಕ್ಕೂ ಮುಖ್ಯವಾಗಿ ಉಳಿಯಿತು.

ವಿವಾಹ ಮತ್ತು ಶಿಕ್ಷಣ

1917ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಇವರ ವಿವಾಹ ಕೃಷ್ಣರಾವ್ ಎಂಬವರೊಂದಿಗೆ ನಡೆಯಿತು. ಎರಡು ವರ್ಷಗಳೊಳಗೆ ಪತಿ ನಿಧನರಾದರು. ವಿಧವೆಯರಿಗೆ ವಿಧಿಸಲಾಗುತ್ತಿದ್ದ ಕಟ್ಟುಪಾಡುಗಳಿಗೆ ಒಳಗಾಗದೆ ಇವರು ಓದನ್ನು ಮುಂದುವರಿಸಿ ಮದರಾಸಿನ ಕ್ವೀನ್ ಮೇರೀಸ್ ಕಾಲೇಜನ್ನು ಸೇರಿದರು. ಅಲ್ಲಿ ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿಯವರ ಸ್ನೇಹವಾಯಿತು. ಆ ಮೂಲಕ ಅವರ ಸಹೋದರ, ಕವಿ ಮತ್ತು ನಟ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ ಅವರನ್ನು ವರಿಸಿದರು. ವಿಧವಾ ವಿವಾಹವೂ ಭಿನ್ನ ಪ್ರಾಂತದ ಸಂಬಂಧವೂ ಆಗಿದ್ದ ಈ ಮದುವೆಗೆ ಸಂಪ್ರದಾಯಸ್ಥರಿಂದ ತೀವ್ರ ವಿರೋಧ ವ್ಯಕ್ತವಾಯಿತು. ದಂಪತಿಗಳಿಗೆ ರಾಮಕೃಷ್ಣ ಎಂಬ ಮಗನಿದ್ದನು. ಮುಂದೆ ಇಬ್ಬರೂ ಕಾನೂನುಬದ್ಧವಾಗಿ ಬೇರ್ಪಟ್ಟರು.

ಪತಿಯೊಂದಿಗೆ ಲಂಡನ್ನಿನಲ್ಲಿದ್ದಾಗ ಕಮಲಾದೇವಿಯವರು ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರವನ್ನು ಅಭ್ಯಸಿಸಿದರು. ಗಾಂಧೀಜಿಯವರ ಚಳವಳಿಯ ಸೆಳೆತದಿಂದ 1923ರಲ್ಲಿ ಸ್ವದೇಶಕ್ಕೆ ಮರಳಿ ಸೇವಾದಳದ ಕಾರ್ಯದಲ್ಲಿ ತೊಡಗಿದರು.

ರಾಜಕೀಯ ಮತ್ತು ಸ್ವಾತಂತ್ರ್ಯ ಹೋರಾಟ

1926ರಲ್ಲಿ ಮಾರ್ಗರೆಟ್ ಕಸಿನ್ಸ್ ಅವರ ಪ್ರೋತ್ಸಾಹದಿಂದ ಮದರಾಸು ಪ್ರಾಂತೀಯ ಶಾಸನಸಭೆಗೆ ಸ್ಪರ್ಧಿಸಿದರು. ಭಾರತದಲ್ಲಿ ಶಾಸನಸಭೆಯ ಸ್ಥಾನಕ್ಕೆ ಸ್ಪರ್ಧಿಸಿದ ಮೊದಲ ಮಹಿಳೆ ಎಂದು ಇವರನ್ನು ಗುರುತಿಸಲಾಗುತ್ತದೆ. ಪ್ರಚಾರಕ್ಕೆ ಸಿಕ್ಕ ಕಾಲಾವಕಾಶ ಅತ್ಯಲ್ಪವಾಗಿದ್ದರೂ ಇವರು ಸೋತದ್ದು ಕೇವಲ 55 ಮತಗಳ ಅಂತರದಿಂದ. 1927ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಹಿಳಾ ಪರಿಷತ್ತಿನ ಮೊದಲ ಸಂಘಟನಾ ಕಾರ್ಯದರ್ಶಿಯಾದರು. ಮುಂದೆ ಅದರ ಅಧ್ಯಕ್ಷ ಸ್ಥಾನವನ್ನೂ ವಹಿಸಿದರು.

1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮಹಿಳೆಯರೂ ಪಾಲ್ಗೊಳ್ಳಬೇಕೆಂದು ಗಾಂಧೀಜಿಯವರ ಮನವೊಲಿಸಿದವರಲ್ಲಿ ಇವರೂ ಒಬ್ಬರು. ಮುಂಬಯಿಯ ಕಡಲತೀರದಲ್ಲಿ ಉಪ್ಪು ತಯಾರಿಸಲು ನಿಯೋಜಿತವಾದ ಮೊದಲ ಏಳು ಜನರ ತಂಡದಲ್ಲಿದ್ದ ಇಬ್ಬರು ಮಹಿಳೆಯರೆಂದರೆ ಅವಂತಿಕಾಬಾಯಿ ಗೋಖಲೆ ಮತ್ತು ಕಮಲಾದೇವಿ. ಮುಂಬಯಿಯ ಷೇರುಪೇಟೆಯನ್ನೇ ಪ್ರವೇಶಿಸಿ ಉಪ್ಪಿನ ಪೊಟ್ಟಣಗಳನ್ನು ಮಾರಿದ ಇವರನ್ನು ಬ್ರಿಟಿಷ್ ಸರ್ಕಾರ ಬಂಧಿಸಿತು. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷರಾದರು.

ಚಲನಚಿತ್ರ ಮತ್ತು ರಂಗಭೂಮಿ

ಗೌರವಸ್ಥ ಮನೆತನದ ಸ್ತ್ರೀಯರು ರಂಗವನ್ನಾಗಲಿ ಪರದೆಯನ್ನಾಗಲಿ ಏರುವುದು ನಿಂದೆಗೆ ಕಾರಣವಾಗುತ್ತಿದ್ದ ಕಾಲದಲ್ಲಿ ಕಮಲಾದೇವಿಯವರು ನಟಿಯಾಗಿ ಕಾಣಿಸಿಕೊಂಡರು. ಶೂದ್ರಕನ ಮೃಚ್ಛಕಟಿಕ ನಾಟಕವನ್ನು ಆಧರಿಸಿ ಮೋಹನ್ ಭವನಾನಿ ನಿರ್ದೇಶಿಸಿದ ಮೂಕಿ ಚಿತ್ರದಲ್ಲಿ ಅಭಿನಯಿಸಿದರು. ಕನ್ನಡ ಚಿತ್ರರಂಗದ ಆರಂಭದ ಇತಿಹಾಸದಲ್ಲಿ ಈ ಚಿತ್ರಕ್ಕೆ ಸ್ಥಾನವಿದೆ. ಮುಂದೆ ಕೆ. ಎಲ್. ಸೈಗಲ್ ಮತ್ತು ಖುರ್ಷಿದ್ ಮುಖ್ಯ ಪಾತ್ರ ವಹಿಸಿದ 'ತಾನ್‌ಸೇನ್' (1943) ಹಾಗೂ 'ಶಂಕರ ಪಾರ್ವತಿ' (1943), 'ಧನ್ನಾ ಭಗತ್' (1945) ಎಂಬ ಹಿಂದಿ ಚಿತ್ರಗಳಲ್ಲಿಯೂ ನಟಿಸಿದರು.

ರಂಗಭೂಮಿಯ ಬಗೆಗಿನ ಇವರ ಆಸಕ್ತಿ ನಟನೆಗೆ ಸೀಮಿತವಾಗಿರಲಿಲ್ಲ. ಇವರ ನೇತೃತ್ವದ ಭಾರತೀಯ ನಾಟ್ಯ ಸಂಘವು ಯುನೆಸ್ಕೋ ನೆರವಿನೊಂದಿಗೆ 1958ರಲ್ಲಿ ಆರಂಭಿಸಿದ ಏಷ್ಯನ್ ರಂಗಭೂಮಿ ಸಂಸ್ಥೆ ಮುಂದೆ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಸೇರಿಹೋಯಿತು. ಬೆಂಗಳೂರಿನಲ್ಲಿ ಮಾಯಾ ರಾವ್ ಅವರು ನಡೆಸಿದ ಕಥಕ್ ಮತ್ತು ನೃತ್ಯಸಂಯೋಜನೆಯ ಸಂಸ್ಥೆಯ ಹಿಂದೆಯೂ ಇವರ ಬೆಂಬಲವಿತ್ತು. ರಂಗದ ವೇಷಭೂಷಣ, ಮುಖವಾಡ, ಗೊಂಬೆಗಳನ್ನು ಕರಕುಶಲ ಕಲೆಯ ಭಾಗವೆಂದೇ ಪರಿಗಣಿಸಿದ ಇವರು ಅವುಗಳ ಸಂರಕ್ಷಣೆಗಾಗಿ ದೆಹಲಿಯಲ್ಲಿ ರಂಗಕುಶಲ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದರು. ಅದಕ್ಕೆ ಕರಾವಳಿಯ ನಾಯಕ ಉಳ್ಳಾಲ ಶ್ರೀನಿವಾಸ ಮಲ್ಯರ ಹೆಸರನ್ನಿಡಲಾಯಿತು.

ನಿರಾಶ್ರಿತರ ಪುನರ್ವಸತಿ

ಸ್ವಾತಂತ್ರ್ಯಾನಂತರ ಕಮಲಾದೇವಿಯವರು ಅಧಿಕಾರ ರಾಜಕಾರಣದಿಂದ ದೂರ ಸರಿದರು. ದೇಶವಿಭಜನೆಯ ಪರಿಣಾಮವಾಗಿ ಮನೆಮಠ ಕಳೆದುಕೊಂಡು ಬಂದವರ ನಡುವೆ ಕೆಲಸ ಮಾಡಲು 1948ರಲ್ಲಿ ಭಾರತೀಯ ಸಹಕಾರ ಒಕ್ಕೂಟವನ್ನು ಸ್ಥಾಪಿಸಿದರು. ವಾಯವ್ಯ ಗಡಿನಾಡಿನಿಂದ ಬಂದ ಸುಮಾರು 50 ಸಾವಿರ ನಿರಾಶ್ರಿತರಿಗಾಗಿ ದೆಹಲಿಯ ಸಮೀಪ ಫರೀದಾಬಾದ್ ಪಟ್ಟಣ ನಿರ್ಮಾಣಗೊಂಡಾಗ ಈ ಒಕ್ಕೂಟ ಮಹತ್ವದ ಪಾತ್ರ ವಹಿಸಿತು. ನಿರಾಶ್ರಿತರಿಗೆ ಸೂರು ಒದಗಿಸಿದರೆ ಸಾಲದು, ಅವರ ಕೈಗೆ ಕಸುಬು ಮರಳಬೇಕು ಎಂಬುದು ಇಲ್ಲಿನ ಕಾರ್ಯಕ್ರಮದ ತಿರುಳಾಗಿತ್ತು. ಕರಕುಶಲ ಕ್ಷೇತ್ರದತ್ತ ಇವರ ಗಮನ ಪೂರ್ಣವಾಗಿ ಹರಿದದ್ದು ಈ ಅನುಭವದ ನಂತರವೇ.

ಕರಕುಶಲ ಕಲೆಗಳ ಪುನರುಜ್ಜೀವನ

ವಸಾಹತು ಆಳ್ವಿಕೆಯಲ್ಲಿ ಗಿರಣಿ ಬಟ್ಟೆ ಮತ್ತು ಕಾರ್ಖಾನೆಯ ಸರಕುಗಳ ಪೈಪೋಟಿಯಿಂದ ಕುಶಲಕರ್ಮಿಗಳ ಗಿರಾಕಿಗಳು ಕಡಿಮೆಯಾಗಿದ್ದರು. ಸಂಸ್ಥಾನಗಳು ಭಾರತದಲ್ಲಿ ವಿಲೀನಗೊಂಡ ಮೇಲೆ ಅರಮನೆಗಳ ಆಶ್ರಯವೂ ತಪ್ಪಿತು. ಅನೇಕ ಕಸುಬುಗಳು ಒಂದೆರಡು ಮನೆತನಗಳ ವೃದ್ಧರಲ್ಲಿ ಮಾತ್ರ ಉಳಿದಿದ್ದವು. ಇಂಥ ಸಂದರ್ಭದಲ್ಲಿ, 1952ರಲ್ಲಿ, ಅಖಿಲ ಭಾರತ ಕರಕುಶಲ ಮಂಡಳಿ ರಚನೆಯಾಯಿತು. ಅದರ ಅಧ್ಯಕ್ಷರಾಗಿ ಕಮಲಾದೇವಿಯವರು ಸುಮಾರು ಎರಡು ದಶಕಗಳ ಕಾಲ ದೇಶದ ಹಳ್ಳಿ ಹಳ್ಳಿಗಳನ್ನು ಸುತ್ತಿ ಕುಶಲಕರ್ಮಿಗಳನ್ನು ಗುರುತಿಸಿದರು.

ಇವರ ಕಾರ್ಯವಿಧಾನದಲ್ಲಿ ಮೂರು ಅಂಶಗಳು ಎದ್ದು ಕಾಣುತ್ತವೆ. ಮೊದಲನೆಯದು ಮಾರುಕಟ್ಟೆ. ದೆಹಲಿಯ ಕೇಂದ್ರ ಗುಡಿಕೈಗಾರಿಕಾ ಮಳಿಗೆಯ ಆಡಳಿತವನ್ನು ಐವತ್ತರ ದಶಕದಲ್ಲಿ ಸಹಕಾರ ಒಕ್ಕೂಟ ವಹಿಸಿಕೊಂಡಿತು. ದೂರದ ಊರುಗಳ ನೇಯ್ಗೆ, ಮಣ್ಣಿನ ಪಾತ್ರೆ, ಲೋಹದ ಕೆಲಸಗಳು ನಗರದ ಗ್ರಾಹಕರಿಗೆ ಅಲ್ಲಿ ಒಂದೇ ಸೂರಿನಡಿ ದೊರೆತವು. ಎರಡನೆಯದು ತರಬೇತಿ. ಆಂಧ್ರದ ಶ್ರೀಕಾಳಹಸ್ತಿಯಲ್ಲಿ ಕ್ಷೀಣಿಸುತ್ತಿದ್ದ ಕಲಂಕಾರಿಯನ್ನು ಹೊಸ ತಲೆಮಾರಿಗೆ ಕಲಿಸಲು ಆರಂಭವಾದ ಕೇಂದ್ರ ಇದಕ್ಕೆ ಉತ್ತಮ ನಿದರ್ಶನ. ಮೂರನೆಯದು ವಿನ್ಯಾಸ. ದೆಹಲಿ, ಮುಂಬಯಿ, ಕಲ್ಕತ್ತ ಮತ್ತು ಬೆಂಗಳೂರುಗಳಲ್ಲಿ ಮಂಡಳಿಯ ಪ್ರಾದೇಶಿಕ ವಿನ್ಯಾಸ ಕೇಂದ್ರಗಳು ಸ್ಥಾಪನೆಯಾದವು. ಹಳೆಯ ಮಾದರಿಗಳನ್ನು ದಾಖಲಿಸುವುದು ಮತ್ತು ಇಂದಿನ ಬಳಕೆಗೆ ಒಗ್ಗುವ ಹೊಸ ಮಾದರಿಗಳನ್ನು ಕುಶಲಕರ್ಮಿಗಳೊಂದಿಗೆ ರೂಪಿಸುವುದು ಅವುಗಳ ಕಾರ್ಯವಾಗಿತ್ತು.

ಕುಶಲಕರ್ಮಿಗಳನ್ನು ಕೂಲಿಕಾರರೆಂದಲ್ಲದೆ ಕಲಾವಿದರೆಂದು ಸಮಾಜ ಗೌರವಿಸಬೇಕೆಂಬುದು ಇವರ ಆಗ್ರಹವಾಗಿತ್ತು. 1965ರಲ್ಲಿ ಆರಂಭವಾದ ಶ್ರೇಷ್ಠ ಕುಶಲಕರ್ಮಿಗಳ ರಾಷ್ಟ್ರೀಯ ಪ್ರಶಸ್ತಿ ಈ ಚಿಂತನೆಗೆ ಅಧಿಕೃತ ರೂಪ ನೀಡಿತು. 1964ರಲ್ಲಿ ಭಾರತೀಯ ಕರಕುಶಲ ಪರಿಷತ್ತಿನ ಸ್ಥಾಪನೆಗೂ, ಅದೇ ವರ್ಷ ನ್ಯೂಯಾರ್ಕ್‌ನಲ್ಲಿ ಐಲೀನ್ ಆಸ್ಬರ್ನ್ ವೆಬ್ ಮುಂತಾದವರು ರೂಪಿಸಿದ ವಿಶ್ವ ಕರಕುಶಲ ಪರಿಷತ್ತಿನ ಸ್ಥಾಪನೆಗೂ ಇವರು ಕಾರಣಕರ್ತರಾದರು.

ವಿನ್ಯಾಸದ ಬಗೆಗಿನ ನಿಲುವು

ಕಮಲಾದೇವಿಯವರ ದೃಷ್ಟಿಯಲ್ಲಿ ಸೌಂದರ್ಯ ಮತ್ತು ಉಪಯೋಗ ಬೇರೆ ಬೇರೆಯಲ್ಲ. ನೀರಿನ ಕೊಡ, ಹಾಸುವ ಚಾಪೆ, ಉಡುವ ಸೀರೆ ಇವೇ ಜನಸಾಮಾನ್ಯರ ಕಲೆ. ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಇಟ್ಟ ಮಾತ್ರಕ್ಕೆ ಕಸುಬು ಬದುಕುವುದಿಲ್ಲ. ನಿತ್ಯದ ಬಳಕೆಯಲ್ಲಿದ್ದಾಗ ಮಾತ್ರ ಅದು ಬೆಳೆಯುತ್ತದೆ ಎಂಬುದು ಇವರ ಪ್ರತಿಪಾದನೆಯಾಗಿತ್ತು. ಕೈನೇಯ್ಗೆಯ ಸೀರೆಗಳನ್ನು ಉಡುತ್ತಿದ್ದ ಇವರ ಉಡುಪಿನ ಶೈಲಿಯೂ ಈ ನಿಲುವಿಗೆ ಅನುಗುಣವಾಗಿತ್ತು.

ಕರ್ನಾಟಕದ ಕಸುಬುಗಳನ್ನು ಗಮನಿಸಿದರೆ ಈ ನಿಲುವಿನ ಅರ್ಥ ಸ್ಪಷ್ಟವಾಗುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿ ಜೋಡಿಸಲಾಗುತ್ತದೆ. ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತ್ಯೆ ಎಂಬ ನಾಲ್ಕು ಬಗೆಯ ಹೊಲಿಗೆಗಳಿಂದ ಗೋಪುರ, ತೇರು, ಆನೆ, ನವಿಲುಗಳು ಮೂಡುತ್ತವೆ. ಗದಗ–ಬೆಟಗೇರಿ ಮತ್ತು ಗಜೇಂದ್ರಗಡಗಳ ಮಗ್ಗಗಳು, ಬೀದರಿನ ಬಿದ್ರಿ ಕೆಲಸ, ಚನ್ನಪಟ್ಟಣದ ಅರಗಿನ ಬಣ್ಣದ ಆಟಿಕೆ, ಕಿನ್ನಾಳದ ಗೊಂಬೆ ಇವೆಲ್ಲವೂ ಮನೆಯವರೆಲ್ಲರ ದುಡಿಮೆಯಿಂದ ನಡೆಯುವ ಕಸುಬುಗಳು. ಒಬ್ಬ ನೇಕಾರ ಮಗ್ಗ ಬಿಟ್ಟರೆ ನೂಲು ಸುತ್ತುವವರು, ಬಣ್ಣ ಹಾಕುವವರು, ಹಾಸು ಹೂಡುವವರೂ ಕೆಲಸ ಕಳೆದುಕೊಳ್ಳುತ್ತಾರೆ. ಅವರೊಂದಿಗೆ ಬರಹಕ್ಕಿಳಿಯದ ವಿನ್ಯಾಸ ಜ್ಞಾನವೂ ಅಳಿಯುತ್ತದೆ.

ಪುನರುಜ್ಜೀವನದ ಈ ಮಾರ್ಗ ಟೀಕೆಗೂ ಒಳಗಾಗಿದೆ. ನಗರದ ಅಭಿರುಚಿಗೆ ತಕ್ಕಂತೆ ವಸ್ತುಗಳನ್ನು ಮಾರ್ಪಡಿಸುವುದರಿಂದ ಅವುಗಳ ಸ್ಥಳೀಯ ಅರ್ಥ ಕಳೆದುಹೋಗುತ್ತದೆ, ಸರ್ಕಾರಿ ಮಳಿಗೆಗಳ ಆಶ್ರಯ ಅರಮನೆಯ ಆಶ್ರಯದಂತೆಯೇ ಅವಲಂಬನೆಯನ್ನು ಬೆಳೆಸುತ್ತದೆ ಎಂಬ ವಾದಗಳಿವೆ. ಕಸುಬಿಗೆ ದೊರೆತ ಪ್ರಸಿದ್ಧಿಗೆ ಸರಿಸಮನಾಗಿ ಕುಶಲಕರ್ಮಿಯ ಆದಾಯ ಹೆಚ್ಚಿಲ್ಲವೆಂಬ ಮಾತೂ ಇದೆ. ಕೈಕೆಲಸದ ವಿನ್ಯಾಸಗಳನ್ನು ಯಂತ್ರದಲ್ಲಿ ಅಚ್ಚುಹಾಕಿ ಅಗ್ಗವಾಗಿ ಮಾರುವ ಪದ್ಧತಿ ಈ ಪ್ರಶ್ನೆಯನ್ನು ಇನ್ನಷ್ಟು ಜಟಿಲಗೊಳಿಸಿದೆ. ಇಳಕಲ್ ಸೀರೆ, ಕಸೂತಿ, ಬಿದ್ರಿ, ಚನ್ನಪಟ್ಟಣದ ಆಟಿಕೆ ಮತ್ತು ಕಿನ್ನಾಳ ಗೊಂಬೆಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿರುವುದು ಇಂಥ ನಕಲಿನಿಂದ ರಕ್ಷಣೆ ನೀಡುವ ಒಂದು ಪ್ರಯತ್ನವಾಗಿದೆ.

ಕೃತಿಗಳು

ಕಮಲಾದೇವಿಯವರು ಮಹಿಳಾ ಚಳವಳಿ, ಸಮಾಜವಾದ, ಅಂತರರಾಷ್ಟ್ರೀಯ ರಾಜಕಾರಣ ಮತ್ತು ಕರಕುಶಲ ಕಲೆಗಳನ್ನು ಕುರಿತು ಇಂಗ್ಲಿಷಿನಲ್ಲಿ ಹಲವು ಗ್ರಂಥಗಳನ್ನು ರಚಿಸಿದ್ದಾರೆ. 'ಹ್ಯಾಂಡಿಕ್ರಾಫ್ಟ್ಸ್ ಆಫ್ ಇಂಡಿಯಾ' (1975) ಭಾರತದ ಕಸುಬುಗಳ ಸಮಗ್ರ ಪರಿಚಯ ನೀಡುವ ಕೃತಿ. 'ಇನ್ನರ್ ರಿಸೆಸಸ್, ಔಟರ್ ಸ್ಪೇಸಸ್' (1986) ಇವರ ಆತ್ಮಕಥನ.

ಪ್ರಶಸ್ತಿ ಮತ್ತು ಗೌರವಗಳು

ಭಾರತ ಸರ್ಕಾರವು ಇವರಿಗೆ 1955ರಲ್ಲಿ ಪದ್ಮಭೂಷಣ ಮತ್ತು 1987ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳನ್ನು ನೀಡಿತು. 1966ರಲ್ಲಿ ಸಮುದಾಯ ನಾಯಕತ್ವಕ್ಕಾಗಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. 1974ರಲ್ಲಿ ಸಂಗೀತ ನಾಟಕ ಅಕಾಡೆಮಿ ತನ್ನ ಅತ್ಯುನ್ನತ ಗೌರವವಾದ ಫೆಲೋಶಿಪ್ ನೀಡಿತು; ಮುಂದೆ ಆ ಸಂಸ್ಥೆಯ ಅಧ್ಯಕ್ಷರಾಗಿಯೂ ಸೇವೆ ಸಲ್ಲಿಸಿದರು. ಶಾಂತಿನಿಕೇತನದ ದೇಶಿಕೋತ್ತಮ ಪದವಿಯೂ ಇವರಿಗೆ ದೊರೆತಿದೆ.

ನಿಧನ ಮತ್ತು ಪರಂಪರೆ

ಕಮಲಾದೇವಿಯವರು 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ, ತಮ್ಮ 85ನೆಯ ವಯಸ್ಸಿನಲ್ಲಿ ನಿಧನರಾದರು. 2018ರ ಏಪ್ರಿಲ್ 3ರಂದು, ಇವರ 115ನೆಯ ಜನ್ಮದಿನದ ಸಂದರ್ಭದಲ್ಲಿ, ಗೂಗಲ್ ತನ್ನ ಮುಖಪುಟದ ಚಿತ್ರದ ಮೂಲಕ ಗೌರವ ಸಲ್ಲಿಸಿತು. ಇವರು ಕಟ್ಟಿ ಬೆಳೆಸಿದ ಕರಕುಶಲ ಪರಿಷತ್ತು ಮತ್ತು ಗುಡಿಕೈಗಾರಿಕಾ ಮಳಿಗೆ ಇಂದಿಗೂ ಕಾರ್ಯನಿರತವಾಗಿವೆ. ಭಾರತೀಯ ವಸ್ತ್ರವಿನ್ಯಾಸಕರು ಕೈಮಗ್ಗದ ನೇಕಾರರೊಂದಿಗೆ ನೇರವಾಗಿ ಕೂಡಿ ಕೆಲಸ ಮಾಡುವ ಇಂದಿನ ಪದ್ಧತಿಗೆ ಇವರ ಕಾಲದ ಪ್ರಯೋಗಗಳು ದಾರಿ ಮಾಡಿಕೊಟ್ಟವು.