ಬಟಾಣಿ ಗಿಡದ ಅಭ್ಯಾಸ ಪಾಠ: ದಾದಾಸಾಹೇಬ್ ಫಾಲ್ಕೆ

ದಾದಾಸಾಹೇಬ್ ಫಾಲ್ಕೆಯವರ ಮೊದಲ ಚಿತ್ರ ಯಾವುದೆಂದು ಕೇಳಿದರೆ ನಾವೆಲ್ಲ ‘ರಾಜಾ ಹರಿಶ್ಚಂದ್ರ’ ಎನ್ನುತ್ತೇವೆ. ಅದಕ್ಕೂ ಮುಂಚೆ ಅವರು ಸುಮಾರು ಒಂದು ನಿಮಿಷದ ಕಿರುಚಿತ್ರವೊಂದನ್ನು ತಯಾರಿಸಿದ್ದರು. ಅದರ ನಾಯಕ ಒಂದು ಬಟಾಣಿ ಗಿಡ.

ಧುಂಡಿರಾಜ್ ಗೋವಿಂದ ಫಾಲ್ಕೆ 1870ರ ಏಪ್ರಿಲ್ 30ರಂದು ನಾಸಿಕದ ಬಳಿಯ ತ್ರ್ಯಂಬಕದಲ್ಲಿ ಜನಿಸಿದರು. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲೂ ಬರೋಡದ ಕಲಾಭವನದಲ್ಲೂ ಓದಿದರು. ಛಾಯಾಗ್ರಾಹಕರಾದರು, ಪುರಾತತ್ತ್ವ ಇಲಾಖೆಯಲ್ಲಿ ನಕ್ಷೆಗಾರರಾದರು, ಜಾದೂ ಕಲಿತರು, ಮುದ್ರಣಾಲಯ ನಡೆಸಿದರು. ಪಾಲುದಾರರೊಡನೆ ಮನಸ್ತಾಪವಾಗಿ ಮುದ್ರಣ ವ್ಯವಹಾರವನ್ನು ಬಿಟ್ಟಾಗ ಅವರಿಗೆ ನಲವತ್ತರ ಆಸುಪಾಸು. ಹೆಂಡತಿ ಮಕ್ಕಳ ಸಂಸಾರ ಬೇರೆ.

ಆ ದಿನಗಳಲ್ಲೇ ಮುಂಬಯಿಯಲ್ಲಿ ಕ್ರಿಸ್ತನ ಜೀವನ ಕುರಿತ ಮೂಕಿ ಚಿತ್ರವೊಂದನ್ನು ಕಂಡರು. ನಮ್ಮ ರಾಮ, ಕೃಷ್ಣರನ್ನೂ ಹೀಗೆ ಪರದೆಗೆ ತರಬೇಕೆಂಬ ಹಂಬಲ ಹುಟ್ಟಿತು. ನಿದ್ದೆಗೆಟ್ಟು ಚಿತ್ರಗಳನ್ನು ನೋಡುತ್ತ, ಪ್ರಯೋಗ ಮಾಡುತ್ತ ಹೋದರು. ಕೆಲಕಾಲ ದೃಷ್ಟಿಯೇ ಹೋಗುವಂತಾಯಿತು. ಚಿಕಿತ್ಸೆಯಿಂದ ಚೇತರಿಸಿಕೊಂಡ ಮೇಲೆ ಜೀವವಿಮೆಯನ್ನು ಅಡವಿಟ್ಟು, 1912ರ ಫೆಬ್ರವರಿಯಲ್ಲಿ ಲಂಡನ್ನಿಗೆ ಹಡಗು ಹತ್ತಿದರು. ಅಲ್ಲಿ ‘ಬಯೋಸ್ಕೋಪ್’ ಪತ್ರಿಕೆಯ ಸಂಪಾದಕರ ನೆರವಿನಿಂದ ಸೆಸಿಲ್ ಹೆಪ್‌ವರ್ತ್ ಅವರ ಸ್ಟುಡಿಯೋದಲ್ಲಿ ಕೆಲಸ ನಡೆಯುವ ಬಗೆಯನ್ನು ಕಣ್ಣಾರೆ ಕಂಡರು. ವಿಲಿಯಮ್ಸನ್ ಕ್ಯಾಮೆರಾ ಕೊಂಡು ಏಪ್ರಿಲ್‌ನಲ್ಲಿ ಮರಳಿದರು.

ಯಂತ್ರವಿತ್ತು, ಬಂಡವಾಳವಿರಲಿಲ್ಲ. ಹಣ ಕೊಡಬಲ್ಲವರಿಗೆ ಈ ಕೆಲಸ ಇವರಿಂದಾದೀತೆಂಬ ನಂಬಿಕೆ ಇರಲಿಲ್ಲ. ಫಾಲ್ಕೆಯವರು ಕುಂಡದಲ್ಲಿ ಬಟಾಣಿ ಬಿತ್ತಿ, ಎದುರಿಗೆ ಕ್ಯಾಮೆರಾ ನಿಲ್ಲಿಸಿದರು. ಒಂದು ತಿಂಗಳಿಗೂ ಹೆಚ್ಚು ಕಾಲ ದಿನದಿನದ ಬೆಳವಣಿಗೆಯನ್ನು ಬಿಡದೆ ಸೆರೆಹಿಡಿದರು. ಇಂಥ ಚಿತ್ರೀಕರಣದಲ್ಲಿ ಕ್ಯಾಮೆರಾ ಕೊಂಚ ಸರಿದರೂ ಗಿಡ ಜಿಗಿದಂತೆ ಕಾಣುತ್ತದೆ. ಬೆಳಕು ವ್ಯತ್ಯಾಸವಾದರೆ ಚಿತ್ರ ಮಿನುಗುತ್ತದೆ. ಒಂದು ದಿನ ತಪ್ಪಿದರೆ ಹಿಂದಕ್ಕೆ ಹೋಗಿ ಸರಿಪಡಿಸಲಾಗದು. ‘ಅಂಕುರಾಚಿ ವಾಢ’ ಎಂಬ ಆ ಚಿತ್ರದಲ್ಲಿ ಮೊಳಕೆ ಕಣ್ಣೆದುರೇ ಗಿಡವಾಯಿತು. ಆಯ್ದ ಕೆಲವರಿಗೆ ಅದನ್ನು ತೋರಿಸಿದರು; ಸಾಲ ದೊರೆಯಿತು.

ಪತ್ನಿ ಸರಸ್ವತೀಬಾಯಿ ಒಡವೆಗಳನ್ನು ಕೊಟ್ಟರು. ಫಿಲ್ಮಿನ ಅಂಚಿಗೆ ರಂಧ್ರ ಹಾಕುವುದನ್ನೂ ಅದನ್ನು ಸಂಸ್ಕರಿಸುವುದನ್ನೂ ಮಾಡುತ್ತಲೇ ಕಲಿತರು. ತಂಡಕ್ಕೆಲ್ಲ ಅಡುಗೆಯ ಹೊಣೆಯನ್ನೂ ಹೊತ್ತರು. ನಟಿಸಲು ಹೆಂಗಸರು ಒಪ್ಪದ ಕಾರಣ ಸಾಳುಂಕೆ ಎಂಬ ಯುವಕ ತಾರಾಮತಿಯಾದ. 1913ರ ಮೇ 3ರಂದು ಮುಂಬಯಿಯ ಕಾರೊನೇಷನ್ ಚಿತ್ರಮಂದಿರದಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆಕಂಡಿತು. ಮುಂದೆ ‘ಲಂಕಾ ದಹನ’, ‘ಶ್ರೀಕೃಷ್ಣ ಜನ್ಮ’ ಬಂದವು. ಚಲನಚಿತ್ರ ತಯಾರಾಗುವ ಬಗೆಯನ್ನೇ ತೋರಿಸುವ ಕಿರುಚಿತ್ರವನ್ನೂ ಅವರು ಮಾಡಿದರು. ವಾಕ್ಚಿತ್ರಗಳ ಕಾಲದಲ್ಲಿ ಹಿಂದೆ ಬಿದ್ದು, 1944ರ ಫೆಬ್ರವರಿ 16ರಂದು ನಾಸಿಕದಲ್ಲಿ ತೀರಿಕೊಂಡರು.

ಪ್ರಶಿಕ್ಷಣಾರ್ಥಿಗಳು ಗಮನಿಸಬೇಕಾದದ್ದು ಬಟಾಣಿಯ ಹಂತವನ್ನು. ನಮ್ಮ ಸೂಕ್ಷ್ಮ ಬೋಧನೆಯಲ್ಲೂ ಕೆಲವೇ ನಿಮಿಷ, ಒಂದೇ ಕೌಶಲ. ಆದರೆ ಎಷ್ಟೋ ಸಲ ಆ ಪಾಠ ದಾಖಲೆ ಪುಸ್ತಕ ತುಂಬಿಸಲಷ್ಟೇ ನಡೆದುಹೋಗುತ್ತದೆ. ಫಾಲ್ಕೆಯವರು ಚಿಕ್ಕದನ್ನು ಪೂರ್ತಿ ಮುಗಿಸಿದರು, ಒಪ್ಪದಿರಬಹುದಾದವರ ಮುಂದಿಟ್ಟರು, ಆಮೇಲಷ್ಟೇ ದೊಡ್ಡದಕ್ಕೆ ಕೈಹಾಕಿದರು. ಈ ಬಾರಿಯ ಬೋಧನಾಭ್ಯಾಸದಲ್ಲಿ ಹೆಸರುಕಾಳಿನ ಮೊಳಕೆಯನ್ನು ಮಕ್ಕಳೊಡನೆ ದಿನವೂ ಒಂದೇ ಜಾಗದಿಂದ ಮೊಬೈಲಿನಲ್ಲಿ ಚಿತ್ರಿಸಿ ಜೋಡಿಸಿ ನೋಡಬಹುದು. ಸಸ್ಯದ ಬೆಳವಣಿಗೆಯ ಪಾಠಕ್ಕೆ ಉಪಕರಣವೂ ಸಿಕ್ಕೀತು. ತಪ್ಪಿದ ದಿನ ಯಾವುದೆಂದು ಮಕ್ಕಳೇ ಹೇಳಿಯಾರು.