ಇಡೀ ಬೊಂಬಾಯಿ ಹಿಂಬಾಲಿಸಿದ ದಲ್ಲಾಳಿ

ಮುಂಬೈ ಷೇರುಪೇಟೆ ಸ್ಥಾಪನೆಯಾದದ್ದು 1875ರಲ್ಲಿ. ನಮ್ಮ ವಾಣಿಜ್ಯ ವಿಭಾಗದವರಿಗೆ ಇದು ಒಂದು ಅಂಕದ ಪ್ರಶ್ನೆ. ಆದರೆ ಅದಕ್ಕೆ ಹತ್ತು ವರ್ಷ ಮೊದಲೇ ಆ ಊರಿಗೆ ಷೇರಿನ ಹುಚ್ಚು ಹಿಡಿದು, ಬಿಟ್ಟು, ಎಷ್ಟೋ ಮನೆಗಳನ್ನು ಮುಳುಗಿಸಿ ಹೋಗಿತ್ತು. ಆ ಹುಚ್ಚಿನ ನಟ್ಟನಡುವೆ ಇದ್ದವರು ಪ್ರೇಮ್‌ಚಂದ್ ರಾಯ್‌ಚಂದ್.

1831ರಲ್ಲಿ ಸೂರತ್‌ನ ಜೈನ ಕುಟುಂಬವೊಂದರಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲೇ ತಂದೆಯೊಡನೆ ಬೊಂಬಾಯಿಗೆ ಬಂದರು. ಇಂಗ್ಲಿಷ್ ಕಲಿತರು. ಆ ಕಾಲದ ದೇಶೀ ದಲ್ಲಾಳಿಗಳಲ್ಲಿ ಇಂಗ್ಲಿಷ್ ಓದಿ ಬರೆಯಬಲ್ಲವರು ವಿರಳ. ಹಾಗಾಗಿ ಬ್ಯಾಂಕಿನ ಬಿಳಿಯ ಅಧಿಕಾರಿಗಳ ಜೊತೆ ನೇರವಾಗಿ ಮಾತಾಡುವ ಅನುಕೂಲ ಅವರಿಗಿತ್ತು. ವ್ಯವಹಾರಗಳನ್ನು ಬರೆದಿಡದೆ ನೆನಪಿನಲ್ಲೇ ಇಟ್ಟುಕೊಳ್ಳುತ್ತಿದ್ದರಂತೆ. ಇಂಗ್ಲೆಂಡಿನ ಹಡಗು ದಡ ಮುಟ್ಟುವ ಮೊದಲೇ ದೋಣಿ ಕಳಿಸಿ ಲಿವರ್‌ಪೂಲ್‌ನ ಹತ್ತಿ ಧಾರಣೆ ತಿಳಿದುಕೊಳ್ಳುತ್ತಿದ್ದರು ಎಂಬ ಕಥೆಯೂ ಇದೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ದಕ್ಷಿಣದ ಬಂದರುಗಳು ಮುಚ್ಚಿದವು, ಲ್ಯಾಂಕಾಶೈರ್‌ನ ಗಿರಣಿಗಳಿಗೆ ಹತ್ತಿ ಸಿಗದಾಯಿತು. ಎಲ್ಲರ ಕಣ್ಣು ಬೊಂಬಾಯಿಯ ಮೇಲೆ ಬಿತ್ತು. ಗುಜರಾತ್, ಬೇರಾರ್‌ಗಳ ಹತ್ತಿಯ ಜೊತೆಗೆ ನಮ್ಮ ಧಾರವಾಡ ಸೀಮೆಯ ಹತ್ತಿಯೂ ಘಟ್ಟ ಇಳಿದು ಕುಮಟಾ ಬಂದರಿನಿಂದ ಅಲ್ಲಿಗೆ ಹೋಗುತ್ತಿತ್ತು. ಬೆಲೆ ಹಲವು ಪಟ್ಟು ಏರಿ, ನಾಲ್ಕು ವರ್ಷ ಆ ಊರಿಗೆ ಹಣದ ಹೊಳೆ ಹರಿಯಿತು.

ಅಷ್ಟೊಂದು ಹಣಕ್ಕೆ ಹೋಗಲು ದಾರಿ ಬೇಕಲ್ಲ? ಹೊಸ ಕಂಪನಿಗಳು ಹುಟ್ಟಿಕೊಂಡವು. 1865ರ ಆರಂಭಕ್ಕೆ ಬೊಂಬಾಯಿಯಲ್ಲಿ 31 ಬ್ಯಾಂಕುಗಳಿದ್ದವು. ಯಾವುದು ಒಳ್ಳೆಯದು, ಯಾವುದು ಪೊಳ್ಳು ಎಂದು ಲೆಕ್ಕಪತ್ರ ನೋಡಿ ಹೇಳುವವರು ಯಾರೂ ಇರಲಿಲ್ಲ. ಜನ ನೋಡುತ್ತಿದ್ದದ್ದು ಒಂದೇ: ಪ್ರೇಮ್‌ಚಂದ್ ಸೇಠ್ ಇದರಲ್ಲಿ ಇದ್ದಾರೆಯೇ? ಇದ್ದರೆ ಸಾಕು, ಬೆಲೆ ಏರುತ್ತಿತ್ತು. ಷೇರು ಹಂಚಿಕೆಯಲ್ಲಿ ತಮಗೂ ಒಂದಿಷ್ಟು ಸಿಗಲೆಂದು ಬೆಳಗಾದರೆ ಅವರ ಮನೆ ಮುಂದೆ ಜನ ನೆರೆಯುತ್ತಿದ್ದರು.

ಇದರಲ್ಲಿ ದೊಡ್ಡದು ಬ್ಯಾಕ್‌ಬೇ ಕಂಪನಿ. ಸಮುದ್ರ ತುಂಬಿಸಿ ಜಾಗ ಮಾಡುವ ಯೋಜನೆ. ಐದು ಸಾವಿರ ರೂಪಾಯಿಯ ಷೇರು ಐವತ್ತು ಸಾವಿರ ದಾಟಿತು, ಜಾಗವಿನ್ನೂ ನೀರಿನಡಿಯಲ್ಲೇ ಇತ್ತು! ಬ್ಯಾಂಕ್ ಆಫ್ ಬಾಂಬೆ ಷೇರನ್ನೇ ಅಡವಿಟ್ಟುಕೊಂಡು ಸಾಲ ಕೊಡುತ್ತಿತ್ತು. ಆ ಬ್ಯಾಂಕಿನಲ್ಲೂ ಪ್ರೇಮ್‌ಚಂದರ ಮಾತು ನಡೆಯುತ್ತಿತ್ತು. ಸಾಲದ ಹಣದಿಂದ ಷೇರು ಕೊಳ್ಳುವುದು, ಅದರಿಂದ ಬೆಲೆ ಏರುವುದು, ಏರಿದ ಬೆಲೆ ತೋರಿಸಿ ಮತ್ತೆ ಸಾಲ. ಬ್ಯಾಂಕು ಸೇಠರನ್ನು ನಂಬಿತು, ಜನ ಬ್ಯಾಂಕನ್ನೂ ಸೇಠರನ್ನೂ ನಂಬಿದರು. ಸೇಠರು ನಂಬಿದ್ದು ಇದೇ ಜನ ಏರಿಸಿದ ಬೆಲೆಯನ್ನು. ಅವರನ್ನು ಮೋಸಗಾರ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಮೋಸಗಾರನಾಗಿದ್ದರೆ ಮೊದಲೇ ಮಾರಿ ಹೊರಬರುತ್ತಿದ್ದರು.

ವಾಯಿದೆ ವ್ಯಾಪಾರವೂ ಜೋರಾಗಿತ್ತು. 1865ರ ಜುಲೈ 1ಕ್ಕೆ ಇಂಥ ಬೆಲೆಗೆ ಕೊಡುತ್ತೇನೆ, ಕೊಳ್ಳುತ್ತೇನೆ ಎಂಬ ಕರಾರುಗಳು. ಕೊಡುವವನ ಕೈಯಲ್ಲಿ ಷೇರಿಲ್ಲ, ಕೊಳ್ಳುವವನ ಕೈಯಲ್ಲಿ ಹಣವಿಲ್ಲ. ತನ್ನ ಬಳಿ ಇಲ್ಲದ್ದನ್ನು ಮಾರಬಾರದೆಂದು ದೀನಿಯಾತ್ ತರಗತಿಯಲ್ಲಿ ಕಲಿತವರಿಗೆ ಇದರ ಅಪಾಯ ಬಿಡಿಸಿ ಹೇಳಬೇಕಿಲ್ಲ.

ಆ ವರ್ಷದ ಏಪ್ರಿಲ್‌ನಲ್ಲಿ ಅಮೆರಿಕದ ದಕ್ಷಿಣದ ಸೇನಾಪತಿ ಲೀ ಶರಣಾದ. ಸುದ್ದಿ ಬೊಂಬಾಯಿ ತಲುಪುತ್ತಲೇ ಹತ್ತಿ ಬೆಲೆ ಕುಸಿಯಿತು. ಕೊಳ್ಳುವಾಗ ಒಬ್ಬರನ್ನು ನೋಡಿ ಒಬ್ಬರು ಕೊಂಡಿದ್ದವರು ಈಗ ಒಬ್ಬರನ್ನು ನೋಡಿ ಒಬ್ಬರು ಮಾರತೊಡಗಿದರು. ಜುಲೈ 1 ಬಂದಾಗ ಕರಾರಿನಂತೆ ಹಣ ಕಟ್ಟಬಲ್ಲವರು ಬಹಳ ಮಂದಿ ಇರಲಿಲ್ಲ. ಒಮ್ಮೆ 2,850 ರೂಪಾಯಿ ಮುಟ್ಟಿದ್ದ ಬ್ಯಾಂಕ್ ಆಫ್ ಬಾಂಬೆ ಷೇರು 87ಕ್ಕೆ ಇಳಿಯಿತು. 1868ರಲ್ಲಿ ಆ ಬ್ಯಾಂಕೇ ಮುಚ್ಚಿತು. ಸರ್ಕಾರ ವಿಚಾರಣಾ ಆಯೋಗ ನೇಮಿಸಿತು. ಹೆಚ್ಚು ನೊಂದವರು ಸೇಠರ ಹೆಸರೊಂದನ್ನೇ ನಂಬಿ ಉಳಿತಾಯ ಹಾಕಿದ್ದ ಸಣ್ಣಪುಟ್ಟ ಜನ.

ಪ್ರೇಮ್‌ಚಂದರೂ ಮುಳುಗಿದರು. ಆದರೆ ಊರು ಬಿಟ್ಟು ಓಡಲಿಲ್ಲ. ಮತ್ತೆ ದಲ್ಲಾಳಿ ಕೆಲಸಕ್ಕೆ ಕೂತು, ತಕ್ಕಮಟ್ಟಿಗೆ ಚೇತರಿಸಿಕೊಂಡು, 1906ರಲ್ಲಿ ತೀರಿಕೊಂಡರು. 1875ರ ಷೇರು ದಲ್ಲಾಳಿಗಳ ಸಂಘದ ಸ್ಥಾಪಕರಲ್ಲಿ ಅವರ ಹೆಸರನ್ನೂ ಹೇಳುತ್ತಾರೆ.

ಏರಿಕೆಯ ದಿನಗಳಲ್ಲಿ, 1864ರಲ್ಲಿ, ಅವರು ಬೊಂಬಾಯಿ ವಿಶ್ವವಿದ್ಯಾಲಯಕ್ಕೆ ಗ್ರಂಥಾಲಯಕ್ಕೆಂದು ಎರಡು ಲಕ್ಷ, ಗಡಿಯಾರದ ಗೋಪುರಕ್ಕೆಂದು ಇನ್ನೆರಡು ಲಕ್ಷ ರೂಪಾಯಿ ಕೊಟ್ಟಿದ್ದರು. ತಾಯಿ ರಾಜಾಬಾಯಿಯವರ ಹೆಸರಿನ ಆ ಗೋಪುರ ಮುಗಿದದ್ದು 1878ರಲ್ಲಿ. ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಕೊಟ್ಟ ಎರಡು ಲಕ್ಷದಿಂದ ಒಂದು ವಿದ್ಯಾರ್ಥಿವೇತನ ಹುಟ್ಟಿತು. ಮೊಗಲರ ಇತಿಹಾಸ ಬರೆದ ಜದುನಾಥ್ ಸರ್ಕಾರ್ ಅದನ್ನು ಪಡೆದವರಲ್ಲಿ ಒಬ್ಬರು.