ಈರುಳ್ಳಿಯಿಂದ ಮತ್ತೆ ಶುರು

ವಿನ್ಸೆಂಟ್ ವ್ಯಾನ್ ಗೋ ಎಂದ ಕೂಡಲೇ ಹೆಚ್ಚಿನವರಿಗೆ ಸೂರ್ಯಕಾಂತಿ ಹೂಗಳು, ನಕ್ಷತ್ರಗಳು ಸುಳಿಯುವ ರಾತ್ರಿ, ಗಾಯಗೊಂಡ ಕಿವಿ ನೆನಪಾಗುತ್ತವೆ. ನನಗೆ ನೆನಪಾಗುವುದು ಒಂದು ತಟ್ಟೆ ಈರುಳ್ಳಿ. ಆ ಚಿತ್ರದ ಹಿಂದೆ ಒಂದು ಕ್ರಿಸ್‌ಮಸ್ ಇದೆ. ಎಲ್ಲರಿಗೂ ಸಂಭ್ರಮ ತರುವ ಆ ಹಬ್ಬ ಅವನ ಪಾಲಿಗೆ ಮತ್ತೆ ಮತ್ತೆ ಸಂಕಟದ ಕಾಲವಾಗಿ ಬಂತು.

ಅವನು ಹುಟ್ಟಿದ್ದು 1853ರಲ್ಲಿ, ನೆದರ್ಲೆಂಡ್ಸ್‌ನ ಹಳ್ಳಿಯೊಂದರ ಪಾದ್ರಿಯ ಮನೆಯಲ್ಲಿ. ನಾವು ದೀಪಾವಳಿಗೆ ಊರಿನ ಬಸ್ಸು ಹತ್ತುವಂತೆ, ಆ ಮನೆಯ ಮಕ್ಕಳು ಕ್ರಿಸ್‌ಮಸ್‌ಗೆ ಎಲ್ಲಿದ್ದರೂ ಬಂದು ಸೇರುತ್ತಿದ್ದರು. ವ್ಯಾನ್ ಗೋ 16ನೇ ವಯಸ್ಸಿಗೇ ಕಲಾಕೃತಿಗಳನ್ನು ಮಾರುವ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ್ದ. 1875ರ ಕ್ರಿಸ್‌ಮಸ್‌ನಲ್ಲಿ ವ್ಯಾಪಾರ ಭರದಿಂದ ನಡೆಯುತ್ತಿರುವಾಗ ಪ್ಯಾರಿಸ್‌ನಿಂದ ಹೇಳದೆ ಕೇಳದೆ ಊರಿಗೆ ಹೊರಟುಬಿಟ್ಟ. ಆ ಕೆಲಸದಲ್ಲಿ ಅವನಿಗೆ ಮೊದಲೇ ಮನಸ್ಸಿರಲಿಲ್ಲ. ಮುಂದಿನ ಏಪ್ರಿಲ್‌ಗೆ ಅದು ಹೋಯಿತು. ಆಮೇಲೆ ಇಂಗ್ಲೆಂಡ್‌ನಲ್ಲಿ ಮೇಷ್ಟರಾದ, ಪುಸ್ತಕದಂಗಡಿ ಸೇರಿದ, ಧರ್ಮಶಾಸ್ತ್ರ ಓದಲು ಹೋಗಿ ಅರ್ಧಕ್ಕೆ ಬಿಟ್ಟ, ಬೆಲ್ಜಿಯಂನ ಗಣಿ ಕಾರ್ಮಿಕರ ನಡುವೆ ಬೋಧಕನಾದ. ಯಾವುದೂ ಕೈಹಿಡಿಯಲಿಲ್ಲ. ಕಲಾವಿದನಾಗಬೇಕೆಂದು ನಿರ್ಧರಿಸಿದಾಗ ಅವನಿಗೆ 27.

1881ರ ಕ್ರಿಸ್‌ಮಸ್ ದಿನ ಚರ್ಚ್‌ಗೆ ಬರುವುದಿಲ್ಲ ಎಂದ. ಅಪ್ಪ ಮಗನಿಗೆ ದೊಡ್ಡ ಜಗಳವಾಯಿತು. ಮನೆ ಬಿಟ್ಟು ಹೊರಡು ಎಂದು ಅಪ್ಪ ಹೇಳಿದರು. ಅವನು ಹೇಗ್ ನಗರಕ್ಕೆ ಹೋಗಿ ಪುಟ್ಟ ಕೋಣೆಯೊಂದನ್ನು ಬಾಡಿಗೆಗೆ ಹಿಡಿದ. ಅದೇ ಅವನ ಸ್ಟುಡಿಯೊ ಆಯಿತು.

ಎಲ್ಲಕ್ಕಿಂತ ಕಠಿಣವಾದದ್ದು 1888ರ ಕ್ರಿಸ್‌ಮಸ್. ಆಗ ಅವನು ಫ್ರಾನ್ಸ್‌ನ ದಕ್ಷಿಣದ ಆರ್ಲ್‌ನಲ್ಲಿ, ಹಳದಿ ಬಣ್ಣದ ಮನೆಯೊಂದರಲ್ಲಿದ್ದ. ಎರಡು ತಿಂಗಳಿಂದ ಜೊತೆಗಿದ್ದ ಕಲಾವಿದ ಪಾಲ್ ಗೊಗ್ಯಾನ್ ಜೊತೆ ಮನಸ್ತಾಪ ಬೆಳೆದಿತ್ತು. ಡಿಸೆಂಬರ್ 23ರ ರಾತ್ರಿ ಮನಸ್ಸಿನ ಹತೋಟಿ ತಪ್ಪಿ ವ್ಯಾನ್ ಗೋ ತನ್ನ ಕಿವಿಗೆ ತಾನೇ ಗಾಯ ಮಾಡಿಕೊಂಡ. ತಮ್ಮ ಥಿಯೊ ಪ್ಯಾರಿಸ್‌ನಿಂದ ರಾತ್ರಿ ರೈಲು ಹತ್ತಿ ಬಂದು, ಕ್ರಿಸ್‌ಮಸ್ ದಿನ ಆಸ್ಪತ್ರೆಯಲ್ಲಿ ಅಣ್ಣನನ್ನು ಕಂಡ. ಫೆಲಿಕ್ಸ್ ರೇ ಎಂಬ ಯುವ ವೈದ್ಯರು ಚಿಕಿತ್ಸೆ ಕೊಟ್ಟರು. ಅಂಚೆ ನೌಕರ ಗೆಳೆಯ ರೂಲಾನ್ ಆಸ್ಪತ್ರೆಗೆ ಬಂದು ಹೋಗಿ ನೋಡಿಕೊಂಡ.

ಜನವರಿ 7ರಂದು ಮನೆಗೆ ಮರಳಿದ ವ್ಯಾನ್ ಗೋ ಆ ದಿನಗಳಲ್ಲಿ ಏನು ಬಿಡಿಸಿದ ಗೊತ್ತೇ? ತಟ್ಟೆಯಲ್ಲಿನ ಈರುಳ್ಳಿ, ಸೇದುವ ಪೈಪು, ಉರಿಯುವ ಮೇಣದಬತ್ತಿ, ಒಂದು ಪತ್ರ, ಆರೋಗ್ಯದ ಕುರಿತ ಒಂದು ಪುಸ್ತಕ. ಎಲ್ಲವೂ ಮೇಜಿನ ಮೇಲೆ ಕೈಗೆ ಸಿಗುವಂಥವು. ದೊಡ್ಡ ವಿಷಯಕ್ಕಾಗಿ, ಒಳ್ಳೆಯ ಮೂಡಿಗಾಗಿ ಅವನು ಕಾಯಲಿಲ್ಲ. ಅದೇ ತಿಂಗಳು ಬ್ಯಾಂಡೇಜ್ ಕಟ್ಟಿದ ತನ್ನ ಮುಖವನ್ನೂ ಮುಚ್ಚುಮರೆಯಿಲ್ಲದೆ ಬಿಡಿಸಿದ.

ಆದರೆ ಕಾಯಿಲೆ ಮತ್ತೆ ಬಂತು. 1889ರ ಮೇನಲ್ಲಿ ತಾನಾಗಿಯೇ ಸಾಂ ರೆಮಿಯ ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿದ. ಹೊರಗೆ ಹೋಗಲಾಗದ ದಿನಗಳಲ್ಲಿ, ತನಗೆ ಪ್ರಿಯನಾದ ಮಿಲೆ ಎಂಬ ಕಲಾವಿದನ ಕಪ್ಪು ಬಿಳುಪಿನ ಚಿತ್ರಗಳನ್ನು ಮುಂದಿಟ್ಟುಕೊಂಡು ಅವಕ್ಕೆ ತನ್ನದೇ ಬಣ್ಣ ಕೊಡುತ್ತಿದ್ದ. ಆ ವರ್ಷದ ಕ್ರಿಸ್‌ಮಸ್ ವೇಳೆಗೆ, ಸರಿಯಾಗಿ ವರ್ಷ ತುಂಬುವಾಗ, ಮತ್ತೊಮ್ಮೆ ಕುಸಿದ. ಚೇತರಿಸಿಕೊಂಡು ಜನವರಿಯಲ್ಲಿ ಬಿಡಿಸಿದ್ದು, ಮೊದಲ ಹೆಜ್ಜೆ ಇಡುವ ಮಗುವಿನತ್ತ ಅಪ್ಪ ಕೈಚಾಚಿ ಕೂತಿರುವ ಚಿತ್ರ. ಅದೂ ಮಿಲೆಯ ಚಿತ್ರವೊಂದರ ಮರುಸೃಷ್ಟಿ.

ಚಿತ್ರಕಲೆ ಅವನ ಕಾಯಿಲೆಯನ್ನು ಗುಣಪಡಿಸಲಿಲ್ಲ. 1890ರ ಜುಲೈನಲ್ಲಿ, 37ನೇ ವಯಸ್ಸಿಗೆ ಅವನ ಬದುಕು ದುರಂತದಲ್ಲಿ ಮುಗಿಯಿತು. ನೋವಿನಿಂದಲೇ ಮಹಾನ್ ಕಲೆ ಹುಟ್ಟುತ್ತದೆ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಕಾಯಿಲೆ ಜೋರಾದಾಗ ಕುಂಚ ಅವನ ಕೈಜಾರುತ್ತಿತ್ತು. ತುಸು ಚೇತರಿಸಿಕೊಂಡಾಗ ಮತ್ತೆ ಹಿಡಿಯುತ್ತಿದ್ದ. ಹಾಗೆ ಚೇತರಿಸಿಕೊಳ್ಳಲು ತಮ್ಮ, ವೈದ್ಯರು, ಗೆಳೆಯ ಎಲ್ಲರೂ ಬೇಕಾಗಿದ್ದರು. ಚಿತ್ರ ಅವನಿಗೆ ಕೊಟ್ಟಿದ್ದು ಮರುದಿನ ಬೆಳಿಗ್ಗೆ ಎದ್ದು ಮಾಡಲು ಒಂದು ಕೆಲಸವನ್ನು. ಅದೇನು ಸಣ್ಣದಲ್ಲ.

ನಾನೂ ಎರಡು ವರ್ಷದಿಂದ ಸ್ಪರ್ಧಾತ್ಮಕ ಪರೀಕ್ಷೆಗಳನ್ನು ಬರೆಯುತ್ತಿರುವವಳು. ಡಿಸೆಂಬರ್ ಕೊನೆಗೆ ಪಿಜಿಯ ಕೋಣೆಗಳು ಒಂದೊಂದಾಗಿ ಖಾಲಿಯಾಗುತ್ತವೆ. ಮೊಬೈಲ್ ತೆರೆದರೆ ಬೆಳಗುವ ಕ್ರಿಸ್‌ಮಸ್ ಮರಗಳು, ಕೇಕು, ಜೊತೆಗೆ ಗೆಳೆಯರ ವರ್ಷದ ಸಾಧನೆಗಳ ಪಟ್ಟಿ. ಆ ವಾರ ಬಂದರೆ ಎದೆ ಭಾರ. ಈಗ ಆ ಸಂಜೆಗಳಲ್ಲಿ ನೋಟ್ಸಿನ ಹಿಂದಿನ ಹಾಳೆಯಲ್ಲಿ ಬಾಲ್‌ಪೆನ್ನಿನಿಂದ ಎದುರಿಗಿದ್ದದ್ದನ್ನು ಬಿಡಿಸುತ್ತೇನೆ: ಚಹಾ ಲೋಟ, ಚಪ್ಪಲಿ, ಕಿಟಕಿಯ ಸರಳು. ಚೆನ್ನಾಗಿ ಬರುವುದಿಲ್ಲ, ಯಾರಿಗೂ ತೋರಿಸುವುದೂ ಇಲ್ಲ. ಆದರೆ ಲೋಟದ ಅಂಚು ಹೇಗೆ ಬಾಗಿದೆ ಎಂದು ನೋಡುವ ಆ ಅರ್ಧ ಗಂಟೆ, ಫಲಿತಾಂಶದ ಚಿಂತೆ ತುಸು ದೂರ ನಿಲ್ಲುತ್ತದೆ.

ನಿಮಗೆ ಚಿತ್ರ ಬರದಿದ್ದರೂ ಪರವಾಗಿಲ್ಲ. ರಂಗೋಲಿ ಹಾಕಿ, ಕಾಗದ ಕತ್ತರಿಸಿ ನಕ್ಷತ್ರ ಮಾಡಿ. ಅದರಿಂದಲೂ ಮನಸ್ಸು ಹಗುರಾಗದೆ ದಿನಗಟ್ಟಲೆ ಕುಸಿಯುತ್ತಲೇ ಇದ್ದರೆ ಒಬ್ಬರೇ ಇರಬೇಡಿ. ನಿಮ್ಮ ಥಿಯೊ ಯಾರೋ ಅವರಿಗೆ ಫೋನ್ ಮಾಡಿ. ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್ ಕೂಡ ಇದೆ, ಸಂಖ್ಯೆ 14416. ಕನ್ನಡದಲ್ಲೇ ಮಾತನಾಡಬಹುದು.